ಓದಿದರೆ ಅಳಿಯುವ ಗಡಿ

ದಾಖಲೆ ಇರುವುದು ಓದುವುದಕ್ಕಲ್ಲ, ಇರುವುದಕ್ಕೆ. ಅಳತೆ ದಾಖಲೆಗಳ ಕಚೇರಿ ಈ ತತ್ವವನ್ನು ಅಧಿಕೃತವಾಗಿ ಅಂಗೀಕರಿಸಿದ ದಿನದಿಂದ ಅಲ್ಲಿ ಒಂದು ದಾಖಲೆಯೂ ಕಳೆದುಹೋಗಿಲ್ಲ, ಒಂದು ಗಡಿ ತಕರಾರೂ ಬಾಕಿ ಉಳಿದಿಲ್ಲ, ಸಿಬ್ಬಂದಿಯ ಚಹಾ ಒಂದು ದಿನವೂ ಆರಿಹೋಗಿಲ್ಲ. ಇಂಥ ಸುಸ್ಥಿತಿ ತಾನಾಗಿ ಬರುವುದಿಲ್ಲ. ಅದರ ಹಿಂದೆ ಒಬ್ಬ ಮನುಷ್ಯನ ಕಟ್ಟುನಿಟ್ಟು ಇರಬೇಕಾಗುತ್ತದೆ.

ಆ ಮನುಷ್ಯ ಕಚೇರಿಯ ಮುಖ್ಯಸ್ಥರು. ಊರಿಗೆಲ್ಲ ಅವರು ದಾಖಲೆ ಸಾಹೇಬರು. ಇಂಗ್ಲಿಷ್ ಶಾಲೆಯಲ್ಲಿ ಓದಿ ಬಂದವರಾದ್ದರಿಂದ ಯಾವ ಯಂತ್ರ ಕೊಂಡರೂ ಅದರ ಕೈಪಿಡಿಯನ್ನು ಮೊದಲ ಪುಟದ ಎಚ್ಚರಿಕೆಯಿಂದ ಕೊನೆಯ ಪುಟದ ಕಾರ್ಖಾನೆ ವಿಳಾಸದವರೆಗೆ ಓದಿ, ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದ ಮೇಲೆಯೇ ಸ್ವಿಚ್ಚು ಒತ್ತುತ್ತಿದ್ದರು. ಅವರ ಮನೆಯ ಮಿಕ್ಸರ್ ಕೊಂಡ ಮೂರನೇ ವಾರಕ್ಕೆ ತಿರುಗಿತ್ತು. ಕಚೇರಿಯ ಪೆನ್ನಿನಿಂದ ಮನೆಯ ಸಾಮಾನಿನ ಚೀಟಿ ಬರೆದವರಲ್ಲ. ಮನೆಯ ಪೆನ್ನಿನಿಂದ ಕಚೇರಿಯ ಕಡತಕ್ಕೆ ಸಹಿ ಹಾಕಿದ್ದಕ್ಕೆ ಒಮ್ಮೆ ತಮ್ಮ ಮೇಲೆ ತಾವೇ ಷರಾ ಬರೆದುಕೊಂಡಿದ್ದರು. ಅವರ ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಟೀಚರು. "ನಮ್ಮನೆಯವರು ಬಲು ನೇರ. ಸ್ಕೇಲೂ ನೇರವೇ. ಆದ್ರೆ ಸ್ಕೇಲನ್ನ ಡ್ರಾಯರಿಗೆ ಹಾಕಿ ಮುಚ್ಚಿಡಬಹುದು" ಎಂದು ಅವರು ಸ್ಟಾಫ್ ರೂಮಿನಲ್ಲಿ ಹೇಳುವುದುಂಟು.

ಊರಿನ ಯಾವ ನಿವೇಶನ ಎಷ್ಟು ಉದ್ದ, ಎಷ್ಟು ಅಗಲ, ಯಾರ ಜಾಗ ಎಲ್ಲಿಗೆ ಮುಗಿದು ಯಾರದು ಎಲ್ಲಿಂದ ಶುರು ಎಂಬುದೆಲ್ಲ ಈ ಕಚೇರಿಯ ದಪ್ಪ ಪುಸ್ತಕಗಳಲ್ಲಿತ್ತು. ಪುಸ್ತಕಗಳನ್ನು ಗೆದ್ದಲು ಓದತೊಡಗಿದ್ದರಿಂದ ಮೇಲಿನ ಕಚೇರಿ ಹೊಸ ಬಗೆಯ ಮೆಮೊರಿ ಮಂಜೂರು ಮಾಡಿತು. ಅದನ್ನು ಕೂರಿಸಲು ಕಂಪನಿಯಿಂದ ಒಬ್ಬ ಇಂಜಿನಿಯರ್ ಹುಡುಗಿ ಬಂದಳು.

"ಇದು ಫೆರೋಎಲೆಕ್ಟ್ರಿಕ್ ಮೆಮೊರಿ ಸರ್. ಒಳಗಡೆ ಲೆಕ್ಕವಿಲ್ಲದಷ್ಟು ಸಣ್ಣಸಣ್ಣ ಹರಳಿನ ಮನೆಗಳಿವೆ ಅಂದ್ಕೊಳ್ಳಿ. ಪ್ರತಿ ಮನೇಲೂ ಒಂದು ಪರಮಾಣು. ಅದು ಒಂದೋ ಮೇಲೆ ಕೂತಿರುತ್ತೆ, ಇಲ್ಲ ಕೆಳಗೆ. ಮೇಲಿದ್ರೆ ಒಂದು, ಕೆಳಗಿದ್ರೆ ಸೊನ್ನೆ. ಕರೆಂಟು ಹೋದ್ರೂ ಕೂತಲ್ಲಿಂದ ಅಲ್ಲಾಡಲ್ಲ. ವರ್ಷಗಟ್ಟಲೆ."

"ನಮ್ಮ ಇಲಾಖೆಗೆ ಹೇಳಿ ಮಾಡಿಸಿದ ಹಾಗಿದೆ" ಎಂದರು ಹೆಡ್ ಕ್ಲರ್ಕು.

"ಒಂದೇ ಕಡೆ ತುಂಬಾ ದಿನ ಕೂತ್ರೆ ಅದಕ್ಕೆ ಅಲ್ಲೇ ಒಗ್ಗಿಹೋಗುತ್ತೆ. ಆಮೇಲೆ ಎಬ್ಬಿಸೋದು ಸ್ವಲ್ಪ ಕಷ್ಟ."

"ಎಬ್ಬಿಸಿ ಬೇರೆ ಕಡೆ ಹಾಕಿದ್ರೆ?"

"ಹಳೇ ಜಾಗಕ್ಕೇ ವಾಪಸ್ ಬರೋಕೆ ನೋಡುತ್ತೆ."

ಹೆಡ್ ಕ್ಲರ್ಕು ಆ ಪೆಟ್ಟಿಗೆಯನ್ನು ಬಂಧುವನ್ನು ನೋಡುವಂತೆ ನೋಡಿದರು. ಸಾಹೇಬರ ಮುಖದಲ್ಲಿ ಗೆರೆ ಕದಲಲಿಲ್ಲ. ಅವರು ಕೈಪಿಡಿ ತೆರೆದು, ಪೆನ್ಸಿಲ್ ಗೆರೆ ಎಳೆದಿದ್ದ ಒಂದು ಸಾಲನ್ನು ತೋರಿಸಿದರು. ಓದುವ ಕ್ರಿಯೆಯಿಂದ ಮಾಹಿತಿಯು ನಾಶವಾಗುತ್ತದೆ ಮತ್ತು ಅನಂತರ ಮರಳಿ ಬರೆಯಲ್ಪಡುತ್ತದೆ ಎಂದು ಅಲ್ಲಿತ್ತು.

"ಇದೇನು?"

"ಅದು ಹಾಗೇ ಸರ್. ಪರಮಾಣು ಮೇಲಿದೆಯೋ ಕೆಳಗಿದೆಯೋ ಅಂತ ತಿಳೀಬೇಕಾದ್ರೆ ಎಲ್ಲವನ್ನೂ ಕೆಳಕ್ಕೆ ತಳ್ಳಿ ನೋಡ್ಬೇಕು. ಮೇಲಿದ್ದದ್ದು ಕೆಳಗೆ ಬೀಳುವಾಗ ಸಣ್ಣ ಜರ್ಕ್ ಕೊಡುತ್ತೆ. ಜರ್ಕ್ ಬಂತು ಅಂದ್ರೆ ಮೇಲಿತ್ತು ಅಂತ. ಓದಿ ಮುಗಿಸೋ ಹೊತ್ತಿಗೆ ಎಲ್ಲಾ ಕೆಳಗಿರುತ್ವೆ, ಅಂದ್ರೆ ಎಲ್ಲಾ ಸೊನ್ನೆ. ಆಮೇಲೆ ಚಿಪ್ಪೇ ಮೇಲಿದ್ದವನ್ನ ಮತ್ತೆ ಮೇಲಕ್ಕೆ ಎತ್ತಿ ಕೂರಿಸುತ್ತೆ. ನಿಮಗೆ ಗೊತ್ತೂ ಆಗಲ್ಲ ಸರ್. ರೆಪ್ಪೆ ಬಡಿಯೋದ್ರೊಳಗೆ ಮುಗಿದುಹೋಗಿರುತ್ತೆ."

"ಮರಳಿ ಬರೆಯುವವರು ಯಾರು?"

"ಯಾರೂ ಇಲ್ಲ. ಅದೇ ಬರ್ಕೊಳ್ಳುತ್ತೆ."

"ಸಹಿ?"

ಹುಡುಗಿ ಹೆಡ್ ಕ್ಲರ್ಕರ ಮುಖ ನೋಡಿದಳು. ಅಲ್ಲಿ ಅವಳಿಗೆ ಸಹಾಯ ಸಿಗಲಿಲ್ಲ.

"ನೋಡಮ್ಮ" ಎಂದರು ಸಾಹೇಬರು. "ಸರ್ಕಾರದ ಒಂದು ದಾಖಲೆ ಅಳಿಸಿಹೋಗ್ತಿದೆ. ಅಳಿಸಿದ್ದನ್ನು ಯಾರೋ ಮತ್ತೆ ಬರೀತಿದ್ದಾರೆ. ಯಾರ ಆದೇಶದ ಮೇಲೆ? ಯಾರು ತಾಳೆ ನೋಡಿದರು? ಇದೇ ಕೆಲಸವನ್ನು ನನ್ನ ಗುಮಾಸ್ತ ಮಾಡಿದ್ದರೆ ಅದಕ್ಕೆ ಖೊಟ್ಟಿ ದಾಖಲೆ ಸೃಷ್ಟಿ ಅಂತಾರೆ. ಜೈಲಿದೆ ಅದಕ್ಕೆ."

"ಅದು ಇದ್ದದ್ದನ್ನೇ ಬರೆಯುತ್ತೆ ಸರ್."

"ಖೊಟ್ಟಿ ಮಾಡಿದವರೆಲ್ಲ ಅದನ್ನೇ ಹೇಳ್ತಾರೆ."

ಮರಳಿ ಬರೆಯುವ ಭಾಗವನ್ನು ತೆಗೆದುಹಾಕಬೇಕೆಂದೂ, ಇನ್ನು ಮುಂದೆ ಅದು ಸಕ್ಷಮ ಅಧಿಕಾರಿಯ ಸಹಿಯಿಂದಲೇ ಆಗಬೇಕೆಂದೂ ಸಾಹೇಬರು ಆದೇಶಿಸಿದರು. ಹುಡುಗಿ ಕಂಪನಿಗೆ ಫೋನು ಮಾಡಿದಳು. ಗಿರಾಕಿ ಬರವಣಿಗೆಯಲ್ಲಿ ಕೊಟ್ಟರೆ ಏನು ಬೇಕಾದರೂ ತೆಗೆಯಬಹುದು ಎಂದು ಕಂಪನಿ ಹೇಳಿತು. ಬರವಣಿಗೆಯಲ್ಲಿ ಕೊಡುವುದೆಂದರೆ ಸಾಹೇಬರಿಗೆ ಆನಂದ. ಹೊರಡುವಾಗ ಅವಳು, "ಇಂಥದ್ದನ್ನ ಕೇಳಿದವರು ಪ್ರಪಂಚದಲ್ಲಿ ನೀವೊಬ್ರೇ ಇರಬೇಕು ಸರ್" ಎಂದಳು. ಸಾಹೇಬರು ಅದನ್ನು ಪ್ರಶಂಸೆಯೆಂದು ಪರಿಗಣಿಸಿ ಕಡತಕ್ಕೆ ಸೇರಿಸಿದರು.

ಪುಸ್ತಕಗಳಲ್ಲಿದ್ದ ಅಳತೆಗಳೆಲ್ಲ ಪೆಟ್ಟಿಗೆಗೆ ಹೋದವು. ಒಂದು ದಾಖಲೆಗೆ ಎರಡು ಮೂಲವಿದ್ದರೆ ಎರಡೂ ಅನುಮಾನಾಸ್ಪದ ಎಂಬ ಕಾರಣಕ್ಕೆ ಪುಸ್ತಕಗಳು ಕಾಗದದ ಗಿರಣಿಗೆ ಹೋದವು. ಗೆದ್ದಲುಗಳು ಎಲ್ಲಿಗೆ ಹೋದವೆಂಬುದು ಕಡತದಿಂದ ತಿಳಿದುಬರುವುದಿಲ್ಲ.

ಮೊದಲು ಬಂದವರು ಬೀದಿ ಮೂಲೆಯ ಬೇಕರಿಯವರು. ಬೆಳಿಗ್ಗೆ ಬಂದು ತಮ್ಮ ನಿವೇಶನದ ನಕಲು ಪಡೆದರು, ಸೊಗಸಾಗಿ ಬಂತು. ಮಧ್ಯಾಹ್ನ ಇನ್ನೊಂದು ಪ್ರತಿ ಬೇಕೆಂದು ಬಂದರು. ಆ ಪ್ರತಿಯಲ್ಲಿ ಉದ್ದ ಸೊನ್ನೆ, ಅಗಲ ಸೊನ್ನೆ, ಮಾಲೀಕರ ಹೆಸರಿನ ಜಾಗದಲ್ಲಿ ಬರೀ ಬಿಳುಪು.

"ಸಾರ್, ಬೆಳಿಗ್ಗೆ ನನಗೆ ಜಾಗ ಇತ್ತು" ಎಂದರು ಬೇಕರಿಯವರು.

"ಓದಿದ್ದೇವೆ. ಓದಿದ್ದರಿಂದ ಅಳಿದಿದೆ. ಯಂತ್ರ ಸರಿಯಾಗಿದೆ" ಎಂದರು ಸಾಹೇಬರು.

"ಬೆಳಗಿನ ಕಾಪಿ ನನ್ನ ಕೈಲೇ ಇದೆಯಲ್ಲ. ಅದನ್ನ ನೋಡ್ಕೊಂಡು ಬರೆದುಬಿಡಿ."

"ಅರ್ಜಿದಾರರ ಕೈಯಲ್ಲಿದ್ದ ಕಾಗದ ನೋಡಿ ಸರ್ಕಾರ ತನ್ನ ದಾಖಲೆ ಬರೆದುಕೊಳ್ಳಬೇಕೇ?"

"ಕೊಟ್ಟವರು ನೀವೇ ಅಲ್ವಾ?"

"ಕೊಡುವವರೆಗೆ ನಮ್ಮದು. ಕೊಟ್ಟ ಮೇಲೆ ನಿಮ್ಮದು."

"ಮತ್ತೆ ಏನು ನೋಡಿ ಬರೀತೀರ?"

"ಮೂಲ ನೋಡಿ."

"ಮೂಲ ಎಲ್ಲಿ?"

"ಅಳಿದಿದೆ ಅಂತ ಹೇಳಿದೆನಲ್ಲ."

ಬೇಕರಿಯವರಿಗೆ ಒಲೆಯಲ್ಲಿ ಬ್ರೆಡ್ಡು ಇತ್ತು, ಹೊರಟುಹೋದರು. ಆದರೆ ಮುಂದಿನ ವಾರ ನಗುನಗುತ್ತಾ ಬಂದು ಸಾಹೇಬರ ಮೇಜಿನ ಮೇಲೆ ಒಂದು ಪೊಟ್ಟಣ ಬಿಸ್ಕತ್ತು ಇಟ್ಟರು. ಸಾಹೇಬರು ಅದನ್ನು ಹಿಂತಿರುಗಿಸಿ ಕಾರಣ ಕೇಳಿದರು. ಉದ್ದ ಸೊನ್ನೆ, ಅಗಲ ಸೊನ್ನೆ ಆದ ಜಾಗಕ್ಕೆ ತೆರಿಗೆಯೂ ಸೊನ್ನೆಯೆಂದು ತೆರಿಗೆ ಕಚೇರಿಯವರು ಲೆಕ್ಕ ಹಾಕಿದ್ದರಂತೆ. ಸುದ್ದಿ ಬ್ರೆಡ್ಡಿಗಿಂತ ಬಿಸಿಯಾಗಿ ಹಬ್ಬಿತು. ಮರುದಿನ ಇಡೀ ಬೀದಿ ತಮ್ಮ ತಮ್ಮ ದಾಖಲೆಗಳನ್ನು ಓದಿಸಿಕೊಳ್ಳಲು ಕಚೇರಿಯ ಮುಂದೆ ಸಾಲು ನಿಂತಿತು. ಕೆಲವರು ಎರಡೆರಡು ಸಲ ಓದಿ ಎಂದು ಅಂಗಲಾಚಿದರು.

ಸಾಹೇಬರು ಬಾಗಿಲು ಹಾಕಿಸಿ, ಕುಳಿತು, ನಿಯಮ ಬರೆದರು.

"ನಿಯಮ ಒಂದು: ಯಾವ ದಾಖಲೆಯನ್ನೂ ಯಾರೂ ಓದತಕ್ಕದ್ದಲ್ಲ. ನಿಯಮ ಎರಡು: ಓದದ ದಾಖಲೆಯು ಅಳಿದಿರಲಾರದಾದ್ದರಿಂದ, ಅದು ಇದೆಯೆಂದು ಕೋರಿದವರಿಗೆಲ್ಲ ಅಸ್ತಿತ್ವ ಪತ್ರ ನೀಡತಕ್ಕದ್ದು, ಪತ್ರದಲ್ಲಿ ಅಳತೆಯ ಪ್ರಸ್ತಾಪ ಇರತಕ್ಕದ್ದಲ್ಲ. ನಿಯಮ ಮೂರು: ತೀರಾ ಅನಿವಾರ್ಯವಾದಲ್ಲಿ ಮುಖ್ಯಾಧಿಕಾರಿಯು ತಾನೊಬ್ಬನೇ ತೆರೆಯ ಮೇಲೆ ಒಮ್ಮೆ ಓದತಕ್ಕದ್ದು, ನಕಲು ತೆಗೆಯತಕ್ಕದ್ದಲ್ಲ. ನಿಯಮ ನಾಲ್ಕು: ಓದಿದ್ದನ್ನು ಮರಳಿ ಬರೆಯುವ ಅಥವಾ ಹೊರಗೆ ಹೇಳುವ ಅಧಿಕಾರಿಗೆ ಆ ದಾಖಲೆಯಲ್ಲಿ ಲವಲೇಶವೂ ಸ್ವಂತ ಹಿತ ಇರತಕ್ಕದ್ದಲ್ಲ."

ನಾಲ್ಕನೆಯದನ್ನು ಬರೆದು ಮುಗಿಸಿದಾಗ ಸಾಹೇಬರಿಗೆ ತಮ್ಮ ಬಗ್ಗೆ ಗೌರವ ಉಂಟಾಯಿತು.

ಅಸ್ತಿತ್ವ ಪತ್ರ ಜನಪ್ರಿಯವಾಯಿತು. ಓಣಿಯ ಜಾಗಕ್ಕಾಗಿ ಬಡಿದಾಡುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ಒಂದೊಂದು ಪತ್ರ ಪಡೆದು, ಓಣಿ ತನ್ನದೇ ಎಂಬ ನಂಬಿಕೆಯಲ್ಲಿ ಇಬ್ಬರೂ ಮನೆಗೆ ಹೋದರು. ನ್ಯಾಯಾಲಯಗಳು ದಾಖಲೆ ಇದೆಯೆಂದು ತಿಳಿದು ಸಮಾಧಾನಪಟ್ಟು, ಅದನ್ನು ನೋಡುವಂತಿಲ್ಲವೆಂದು ತಿಳಿದು ಇನ್ನಷ್ಟು ಸಮಾಧಾನಪಟ್ಟವು. ಅಕ್ಕಪಕ್ಕದ ಊರುಗಳಿಂದ ಅಧ್ಯಯನ ತಂಡಗಳು ಬಂದು, ಊಟ ಮುಗಿಸಿ, ವ್ಯವಸ್ಥೆಯನ್ನು ಮೆಚ್ಚಿ ಹೋದವು.

ಹೀಗಿರುವಾಗ ಸಾಹೇಬರ ಪಕ್ಕದ ಮನೆಯವರು ಪಾಯ ತೋಡಿಸಲು ತೊಡಗಿದರು.

ಪಕ್ಕದ ಮನೆಯವರು ಹಲ್ಲಿನ ಡಾಕ್ಟರು. ಮನೆಯಲ್ಲೇ ದವಾಖಾನೆ, ಈಗ ಎಕ್ಸ್-ರೇ ಕೋಣೆಯೊಂದು ಬೇಕಾಗಿತ್ತು. ಮೇಸ್ತ್ರಿ ಗೂಟ ಹೊಡೆದು ದಾರ ಎಳೆದಾಗ ಅದು ಸಾಹೇಬರ ಅಡುಗೆಮನೆಯ ಕಿಟಕಿಯನ್ನು ಸವರಿಕೊಂಡು ಹೋಯಿತು. ಗೋಡೆ ಎದ್ದರೆ ಕಿಟಕಿಗೆ ಉಳಿಯುವುದು ಇಟ್ಟಿಗೆಯ ದರ್ಶನ. ಟೀಚರು ಬೆಳಿಗ್ಗೆ ಹಾಲು ಕಾಯಲಿಟ್ಟು, ಅದು ಉಕ್ಕುವ ತನಕ ಆ ಕಿಟಕಿಯ ಬೆಳಕಿನಲ್ಲೇ ಉತ್ತರ ಪತ್ರಿಕೆ ತಿದ್ದುತ್ತಿದ್ದವರು. ಅವರ ಕಣ್ಣಿಗೆ ಬಲ್ಬಿನ ಬೆಳಕು ಆಗಿಬರುತ್ತಿರಲಿಲ್ಲ.

"ರೀ, ನಮ್ಮ ಜಾಗ ಎಲ್ಲೀತನಕ ಇದೆ ಅಂತ ಆಫೀಸಲ್ಲಿ ಸ್ವಲ್ಪ ನೋಡ್ಕೊಂಡು ಬನ್ನಿ."

"ನೋಡಿದರೆ ಹೋಗುತ್ತೆ."

"ಏನು ಹೋಗುತ್ತೆ?"

"ಗಡಿ."

"ನೋಡದೇ ಇದ್ರೆ ಕಿಟಕಿ ಹೋಗುತ್ತೆ."

"ಅರ್ಜಿ ಕೊಡು. ಪರಿಶೀಲಿಸ್ತೀನಿ."

ಟೀಚರು ಶಾಲೆಗೆ ಅರ್ಧ ದಿನ ರಜೆ ಹಾಕಿ, ಕೌಂಟರಿನಲ್ಲಿ ಸಾಲು ನಿಂತು, ಅರ್ಜಿ ಕೊಟ್ಟು ಬಂದರು. ಒಂದು ವಾರಕ್ಕೆ ಅಂಚೆಯಲ್ಲಿ ಹಿಂಬರಹ ಬಂತು. ಅಂಚೆಯವನಿಂದ ಸಹಿ ಹಾಕಿ ಪಡೆದವರು ಸಾಹೇಬರೇ. ತೆರೆಯದೆ ಹೆಂಡತಿಯ ಕೈಗೆ ಕೊಟ್ಟು, ಪಕ್ಕದಲ್ಲಿ ನಿಂತು, ಅವರು ಓದುವುದನ್ನು ಕಾದರು. "ಅರ್ಜಿದಾರರು ಮುಖ್ಯಾಧಿಕಾರಿಯ ಪತ್ನಿಯಾಗಿದ್ದು, ಸದರಿಯವರ ಕೋರಿಕೆಯನ್ನು ಮನ್ನಿಸಿದಲ್ಲಿ ಪಕ್ಷಪಾತದ ಶಂಕೆಗೆ ಆಸ್ಪದವಾಗುವುದರಿಂದ ತಿರಸ್ಕರಿಸಿದೆ" ಎಂದಿತ್ತು.

"ಚೆನ್ನಾಗಿ ಬರೆದಿದ್ದಾರೆ" ಎಂದರು ಟೀಚರು. "ಯಾರೋ ಏನೋ, ಮನೇಲಿ ಹೆಂಡತಿ ಇಲ್ಲ ಅಂತ ಕಾಣುತ್ತೆ."

ಅಷ್ಟರಲ್ಲಿ ಡಾಕ್ಟರೂ ಅರ್ಜಿ ಹಾಕಿದರು. ಕಟ್ಟುವ ಮುಂಚೆ ಗಡಿ ತಿಳಿದುಕೊಳ್ಳುವುದು ಒಳ್ಳೆಯದೆಂದು ಅವರಿಗೂ ಅನ್ನಿಸಿತ್ತು. ಇಲ್ಲಿ ಸಾಹೇಬರು ಇಕ್ಕಟ್ಟಿಗೆ ಸಿಕ್ಕರು. ಹೆಂಡತಿಯ ಅರ್ಜಿಯನ್ನು ತಿರಸ್ಕರಿಸಿದ್ದು ನ್ಯಾಯ; ಎದುರಾಳಿಯ ಅರ್ಜಿಯನ್ನು ತಿರಸ್ಕರಿಸಿದರೆ ಅದು ಸ್ವಾರ್ಥ. ನಿಯಮ ಮೂರರ ಪ್ರಕಾರ ಓದಲು ತಮಗೆ ತಾವೇ ಅನುಮತಿ ಕೋರಿ, ತಮ್ಮ ಕೋರಿಕೆಯನ್ನು ಎರಡು ದಿನ ಪರಿಶೀಲನೆಯಲ್ಲಿಟ್ಟು, ಕೊನೆಗೆ ಮಂಜೂರು ಮಾಡಿದರು.

ಹೊರಗೆ ಬೆಂಚಿನ ಮೇಲೆ ಡಾಕ್ಟರು ಕಾಯುತ್ತಿದ್ದರು. ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಗುಂಡಿ ಒತ್ತಿದರು. ತೆರೆಯ ಮೇಲೆ ಎರಡೂ ನಿವೇಶನಗಳು ಅಕ್ಕಪಕ್ಕ ಮೂಡಿದವು. ಬೀದಿಯ ಮೂಲೆಕಲ್ಲಿನಿಂದ ಗೆರೆ ನೇರವಾಗಿ ಹಿಂದಕ್ಕೆ ಹೋಗಿತ್ತು. ಹೋಗುತ್ತಾ ಸಾಹೇಬರ ಊಟದ ಕೋಣೆಗೂ ಅಡುಗೆಮನೆಗೂ ನಡುವಿನ ಹೊಸ್ತಿಲ ಮೇಲೆ ಹಾದುಹೋಗಿತ್ತು. ಒಲೆ, ತೊಟ್ಟಿ, ಕಪಾಟು, ಕಿಟಕಿ, ಟೀಚರು ನಿಲ್ಲುವ ಜಾಗ, ಇಡೀ ಅಡುಗೆಮನೆಯೇ ಡಾಕ್ಟರ ನಿವೇಶನದಲ್ಲಿತ್ತು. ಸಾಹೇಬರು ಎರಡು ಸಲ ನೋಡಬೇಕೆಂದುಕೊಂಡರು. ಕನ್ನಡಕ ಒರೆಸಿ ಕಣ್ಣಿಗೇರಿಸಿ ಇನ್ನೊಮ್ಮೆ ಗುಂಡಿ ಒತ್ತುವಷ್ಟರಲ್ಲಿ ತೆರೆಯ ಮೇಲೆ ಉದ್ದ ಸೊನ್ನೆ, ಅಗಲ ಸೊನ್ನೆ.

ಅಡುಗೆಮನೆ ಕಟ್ಟಿಸುವಾಗ ಟೇಪಿನ ಒಂದು ತುದಿಯನ್ನು ಹಿಡಿದಿದ್ದವರು ತಾವೇ ಎಂಬುದು ಅವರಿಗೆ ನೆನಪಾಯಿತು. ಇನ್ನೊಂದು ತುದಿಯನ್ನು ಗಾರೆಯವನು ಹಿಡಿದಿದ್ದ. ತಪ್ಪು ಆ ತುದಿಯಲ್ಲಿ ಆಗಿರಬೇಕೆಂದು ಅವರು ತಕ್ಷಣ ತೀರ್ಮಾನಿಸಿದರು.

ಬಾಗಿಲು ತೆರೆದರು. ಡಾಕ್ಟರು ಎದ್ದು ನಿಂತರು.

"ಏನಿತ್ತು ಸಾರ್?"

"ಓದಿದ್ದೇನೆ."

"ಅದೇ, ಏನಿತ್ತು?"

"ಹೇಳುವಂತಿಲ್ಲ. ಅದರಲ್ಲಿ ನನ್ನ ಸ್ವಂತ ಹಿತ ಇದೆ. ನಿಯಮ ನಾಲ್ಕು."

ಡಾಕ್ಟರು ಸಾಹೇಬರ ಮುಖವನ್ನು, ಬಾಯಿ ತೆರೆಯಲೊಪ್ಪದ ರೋಗಿಯ ದವಡೆಯನ್ನು ನೋಡುವ ಹಾಗೆ, ಎರಡೂ ಕಡೆಯಿಂದ ನೋಡಿದರು. ಆಮೇಲೆ ತಲೆ ತಗ್ಗಿಸಿದರು.

"ಗೊತ್ತಾಯ್ತು ಬಿಡಿ ಸಾರ್. ನೀವು ಹೇಳೋದೇ ಬೇಡ. ನಿಮ್ಮ ವಿರುದ್ಧ ಇದ್ದಿದ್ರೆ ಇವತ್ತು ಸಂಜೆನೇ ನೀವು ಸುತ್ತಿಗೆ ಹಿಡ್ಕೊಂಡು ನಿಮ್ಮನೆ ಗೋಡೆ ಒಡೀತಿದ್ರಿ. ನಿಮ್ಮನ್ನ ನಾನು ಬಲ್ಲೆ. ನನಗೆ ನೋವಾಗ್ಬಾರ್ದು ಅಂತ ಬಾಯಿ ಮುಚ್ಕೊಂಡಿದೀರ. ಪಾಯ ನಾಳೆನೇ ಹಿಂದಕ್ಕೆ ತಗೋತೀನಿ. ಕ್ಷಮಿಸಿ."

ಸಾಹೇಬರು ಏನೋ ಹೇಳಲು ಹೋದರು. ಹೇಳಿದರೆ ನಿಯಮ ಮುರಿದಂತೆ. ನಿಯಮ ಮುರಿದವರಲ್ಲ. ಸುಮ್ಮನಾದರು. ಡಾಕ್ಟರು ಆ ಮೌನಕ್ಕೆ ಕೈಮುಗಿದು ಹೊರಟರು.

ಮರುದಿನ ಪಾಯದ ಗುಂಡಿ ಮುಚ್ಚಿತು. ಕಿಟಕಿಯಿಂದ ಬೆಳಕು ಎಂದಿನಂತೆ ಬಂತು. ಟೀಚರಿಗೆ ಖುಷಿಯಾಗಬೇಕಿತ್ತು, ಆದರೆ ಅವರು ಗಂಡನನ್ನು ಗಮನಿಸುತ್ತಿದ್ದರು. ಗಂಡ ಅಡುಗೆಮನೆಯ ಹೊಸ್ತಿಲ ಈಚೆ ನಿಂತು ಕೈ ಚಾಚಿ ನೀರು ಕೇಳುತ್ತಿದ್ದರು.

"ಒಳಗೆ ಬಂದು ಕುಡೀರಿ."

"ಇಲ್ಲೇ ಕೊಡು."

"ಕಾಲು ನೋವಾ?"

"ಇಲ್ಲ."

ಟೀಚರು ಹೊಸ್ತಿಲು ನೋಡಿದರು. ಹೊಸ್ತಿಲಿಗೆ ಸರಿಯಾಗಿ ಜೋಡಿಸಿಕೊಂಡಿದ್ದ ಗಂಡನ ಹೆಬ್ಬೆರಳುಗಳನ್ನು ನೋಡಿದರು. ಲೋಟ ಕೆಳಗಿಟ್ಟರು.

"ಎಷ್ಟು?"

"ಕೇಳುವಂತಿಲ್ಲ."

"ಕಿಟಕಿ ಹತ್ರ ಮಾತ್ರನಾ, ಒಲೆ ತನಕನಾ?"

ಸಾಹೇಬರು ಗೋಡೆಯ ಗಡಿಯಾರ ನೋಡಿದರು.

"ಪೂರ್ತಿ" ಎಂದರು ಟೀಚರು, ಮಕ್ಕಳಿಗೆ ಉತ್ತರ ಹೇಳುವ ದನಿಯಲ್ಲಿ. ಒಲೆ ಆರಿಸಿದರು. "ಹೋಗಿ ಆ ಡಾಕ್ಟರಿಗೆ ಹೇಳಿ ಬನ್ನಿ."

"ಹೇಳುವ ಅಧಿಕಾರ ನನಗಿಲ್ಲ. ನನಗೆ ಹಿತಾಸಕ್ತಿ ಇದೆ. ಇಲ್ಲದವರು ಮೇಲಿನ ಕಚೇರಿಯಿಂದ ಬಂದು ಬರೀಬೇಕು. ಆದರೆ ಬರೆಯೋದಕ್ಕೆ ಏನಿತ್ತು ಅಂತ ಅವರಿಗೆ ತಿಳೀಬೇಕು. ತಿಳಿಸೋದಕ್ಕೆ ನಾನೊಬ್ಬನೇ ಇರೋದು. ನನ್ನ ಮಾತು ಗ್ರಾಹ್ಯವಲ್ಲ."

"ಈ ರೂಲು ಬರೆದ ಪುಣ್ಯಾತ್ಮ ಯಾರು?"

"ಅದು ಬೇರೆ ಕಡತ."

"ನೋಡಿ, ಬೇರೆಯವರ ಜಾಗದಲ್ಲಿ ನಿಂತು ನಾನು ಅಡುಗೆ ಮಾಡಲ್ಲ. ಇವತ್ತು ಹೋಗಿ ಬಾಯಿ ಬಿಟ್ಟು ಹೇಳಿ. ಆಮೇಲೆ ಊಟ."

ಸಾಹೇಬರಿಗೆ ಹಸಿವಿತ್ತು, ಮನಸ್ಸಾಕ್ಷಿಯೂ ಇತ್ತು. ಎರಡೂ ಸೇರಿ ಅವರನ್ನು ಪಕ್ಕದ ಮನೆಗೆ ತಳ್ಳಿದವು. ಡಾಕ್ಟರು ಎದ್ದು ಬಂದು ಕೈ ಹಿಡಿದು, ಮಾತಿಗೆ ಅವಕಾಶ ಕೊಡದೆ, ತಮ್ಮ ದೊಡ್ಡ ಕುರ್ಚಿಯಲ್ಲಿ ಮಲಗಿಸಿದರು. "ನನ್ನಿಂದ ನಿಮಗೆ ತೊಂದರೆ ಆಯ್ತು. ಒಂದು ಸಲ ಹಲ್ಲಾದ್ರೂ ನೋಡಿಬಿಡ್ತೀನಿ. ಬಾಯಿ ತೆಗೀರಿ."

ಸಾಹೇಬರು ಸತ್ಯ ಹೇಳಲು ಬಾಯಿ ತೆರೆದರು. ಡಾಕ್ಟರು ಅದರೊಳಗೆ ಕನ್ನಡಿ ಇಟ್ಟರು.

"ಅ... ಅಗು..."

"ನೋವಾಗುತ್ತಾ? ಇರಿ, ಮರಗಟ್ಟಿಸ್ತೀನಿ."

ಸೂಜಿ ಚುಚ್ಚಿತು. ಡಾಕ್ಟರು ಕೆರೆಯುತ್ತಾ ಮಾತಾಡುತ್ತಾ ಹೋದರು: "ಈ ಕಾಲದಲ್ಲಿ ನಿಮ್ಮಂಥವರು ಎಲ್ಲಿದ್ದಾರೆ ಹೇಳಿ. ಹೇಳ್ಬೇಡಿ, ಬಾಯಿ ಮುಚ್ಚಬೇಡಿ. ಪಕ್ಕದ ಮನೆಯಲ್ಲಿ ಇಂಥ ಮನುಷ್ಯ ಇದ್ದಾರೆ ಅಂತ ನಾನು ಬಂದ ಪೇಶೆಂಟಿಗೆಲ್ಲ ಹೇಳ್ತೀನಿ. ಸ್ವಲ್ಪ ದೊಡ್ಡದಾಗಿ ತೆಗೀರಿ. ಹಾಂ."

ಮುಗಿಯುವ ಹೊತ್ತಿಗೆ ಸಾಹೇಬರ ನಾಲಿಗೆ ಬೇರೆಯವರ ನಾಲಿಗೆಯಂತಾಗಿತ್ತು. ಮರಗಟ್ಟಿದ ನಾಲಿಗೆಯಿಂದ ಕೊಟ್ಟ ಹೇಳಿಕೆ ಸ್ಪಷ್ಟವಾಗಿರುವುದಿಲ್ಲ, ಅಸ್ಪಷ್ಟ ಹೇಳಿಕೆ ತಪ್ಪು ಅರ್ಥಕ್ಕೆ ಎಡೆಮಾಡುತ್ತದೆ, ತಪ್ಪು ಅರ್ಥ ಸತ್ಯಕ್ಕೆ ಅಪಚಾರ ಎಂದು ಅವರು ಮೆಟ್ಟಿಲು ಇಳಿಯುತ್ತಾ ತರ್ಕಿಸಿದರು. ಕೊನೆಯ ಮೆಟ್ಟಿಲಲ್ಲಿ ಮನಸ್ಸು ಹಗುರವಾಗಿತ್ತು. ಹಗುರವಾದದ್ದಕ್ಕೆ ಕೊಂಚ ನಾಚಿಕೆಯಾಯಿತು. ಅದೂ ಮರಗಟ್ಟಿದ್ದರ ಪರಿಣಾಮವಿರಬಹುದು.

ಆಗ ಟೀಚರೇ ಹೋದರು.

"ಡಾಕ್ಟ್ರೇ, ನಮ್ಮ ಅಡುಗೆಮನೆ ಇರೋದು ನಿಮ್ಮ ಜಾಗದಲ್ಲಿ."

ಡಾಕ್ಟರು ಕೈಗವಸು ತೆಗೆದು, ಕಣ್ಣು ಒರೆಸಿಕೊಂಡರು. "ಟೀಚರ್, ನನ್ನ ಎಕ್ಸ್-ರೇ ರೂಮು ನಿಂತುಹೋಯ್ತು ಅಂತ ನಿಮ್ಮ ಅಡುಗೆಮನೇನೇ ಬಿಟ್ಟುಕೊಡೋಕೆ ಬಂದಿದೀರಲ್ಲ. ಸಾಹೇಬ್ರ ಹೆಂಡತಿ ಅಂದ್ರೆ ಹೀಗಿರ್ಬೇಕು."

"ಅಯ್ಯೋ, ಉಪಕಾರ ಅಲ್ಲ ಮಾರಾಯ್ರೇ, ನಿಜಾನೇ ಹೇಳ್ತಿದೀನಿ."

"ದಾಖಲೆ ಓದಿದೀರಾ ನೀವು?"

"ಇಲ್ಲ."

"ಓದಿದವರು ಹೇಳಿದ್ರಾ?"

"ಅವರು ಹೇಳಲ್ಲ. ಹೊಸ್ತಿಲು ದಾಟಲ್ಲ, ಅಷ್ಟೇ."

"ಹೆಂಡತಿ ಅಡುಗೆಮನೇಲಿ ಮೂಗು ತೂರಿಸಲ್ಲ. ಅದಕ್ಕೂ ಸಂಸ್ಕಾರ ಬೇಕು ಟೀಚರ್."

ಟೀಚರು ವಾಪಸ್ಸು ಬಂದರು. ಸಾಧಿಸಿ ತೋರಿಸಿದ ಪ್ರಮೇಯವನ್ನು ತರಗತಿ ಚಪ್ಪಾಳೆ ತಟ್ಟಿ ತಿರಸ್ಕರಿಸಿದ್ದು ಅವರ ಅನುಭವದಲ್ಲಿ ಇದೇ ಮೊದಲು. ಬಂದವರೇ ಒಲೆ ಹಚ್ಚಿದರು. ಯಾರ ಜಾಗವಾದರೂ ಹಸಿವು ತಮ್ಮದೇ ಆಗಿತ್ತು.

ಸಾಹೇಬರು ಮಾತ್ರ ಕರ್ತವ್ಯ ಬಿಡಲಿಲ್ಲ. ದಾಖಲೆಯನ್ನು ತಾವು ಓದಿರುವುದಾಗಿಯೂ, ಅದು ಅಳಿದಿರುವುದಾಗಿಯೂ, ಅದರ ವಿವರ ಈಗ ತಮ್ಮ ತಲೆಯಲ್ಲಿ ಮಾತ್ರ ಇರುವುದಾಗಿಯೂ, ಅದನ್ನು ಬರೆಯಲು ತಾವು ಅನರ್ಹರಾಗಿರುವುದಾಗಿಯೂ ಮೇಲಿನ ಕಚೇರಿಗೆ ಪತ್ರ ಬರೆದು ಮಾರ್ಗದರ್ಶನ ಕೋರಿದರು. ಮಾರ್ಗದರ್ಶನ ಸುತ್ತೋಲೆಯ ರೂಪದಲ್ಲಿ ಬಂತು:

"ಸದರಿ ದಾಖಲೆಯು ನಾಶವಾಗದೆ ಸದರಿ ಅಧಿಕಾರಿಯ ತಲೆಗೆ ವರ್ಗಾವಣೆಗೊಂಡಿರುವುದು ಪತ್ರದಿಂದ ಕಂಡುಬಂದಿರುತ್ತದೆ. ಆದ್ದರಿಂದ ಸದರಿಯವರು ಇನ್ನು ಮುಂದೆ ಅಧಿಕಾರಿಯಾಗಿರುವುದರ ಜೊತೆಗೆ ದಾಖಲೆಯೂ ಆಗಿರತಕ್ಕದ್ದು. ಗಡಿಯ ಬಗ್ಗೆ ಅವರನ್ನು ಯಾರೂ ಪ್ರಶ್ನಿಸತಕ್ಕದ್ದಲ್ಲ. ಪ್ರಶ್ನಿಸಿದಲ್ಲಿ ಅದನ್ನು ಓದುವಿಕೆ ಎಂದು ಪರಿಗಣಿಸಲಾಗುವುದು. ದಾಖಲೆಗೆ ನಿವೃತ್ತಿ ಇಲ್ಲದ ಪ್ರಯುಕ್ತ ಅವರಿಗೂ ಇರುವುದಿಲ್ಲ. ಅತಿಯಾದ ಶಾಖದಲ್ಲಿ ಇಂಥ ಸಾಧನಗಳು ನೆನಪನ್ನು ಕಳೆದುಕೊಳ್ಳುತ್ತವೆಂದು ತಯಾರಕರ ಕೈಪಿಡಿಯಲ್ಲಿ ನಮೂದಾಗಿರುವುದರಿಂದ ಅವರ ಕೋಣೆಗೆ ಏರ್ ಕಂಡೀಷನರ್ ಮಂಜೂರು ಮಾಡಿದೆ."

ಏರ್ ಕಂಡೀಷನರ್ ಬಂದ ದಿನ ಹೆಡ್ ಕ್ಲರ್ಕು ದಾಖಲೆಯ ಮೇಲೆ ನಿಗಾ ಇಡುವ ಸಲುವಾಗಿ ತಮ್ಮ ಮೇಜನ್ನೂ ಆ ಕೋಣೆಗೆ ಸಾಗಿಸಿದರು. ಸಾಹೇಬರ ಎದೆಯ ಮೇಲೆ ಒಂದು ಕ್ರಮಸಂಖ್ಯೆಯ ಪಟ್ಟಿ ಬಂತು. ಅವರು ಅದನ್ನು ವಕ್ರವಾಗದಂತೆ ಅಂಟಿಸಿಕೊಂಡರು. ದಾಖಲೆ ಇದೆ, ಸುರಕ್ಷಿತವಾಗಿದೆ, ಆರೋಗ್ಯವಾಗಿದೆ ಎಂಬ ಅಸ್ತಿತ್ವ ಪತ್ರವನ್ನು ಡಾಕ್ಟರಿಗೆ ಕೊಡಲಾಯಿತು. ಅವರು ಅದಕ್ಕೆ ಗಾಜು ಹಾಕಿಸಿ ದವಾಖಾನೆಯಲ್ಲಿ ತೂಗುಹಾಕಿದರು.

ಕೆಲವು ದಿನಗಳ ಮೇಲೆ ಡಾಕ್ಟರು ಇನ್ನೊಂದು ಅರ್ಜಿ ಹಿಡಿದು ಸಂಕೋಚದಿಂದ ಬಂದರು. ತಮ್ಮ ರೋಗಿಗಳು ಬಿಸಿಲಲ್ಲಿ ನಿಲ್ಲುತ್ತಾರೆ. ಸಾಹೇಬರ ಅಡುಗೆಮನೆಯ ಗೋಡೆಯ ನೆರಳಿನಲ್ಲಿ ಒಂದು ಬೆಂಚು ಹಾಕಿಕೊಳ್ಳಲು ಅನುಮತಿ ಸಿಕ್ಕೀತೇ, ಬೇಕಿದ್ದರೆ ಬಾಡಿಗೆ ಕೊಡುವುದಾಗಿ ಕೋರಿದ್ದರು. ಸಾಹೇಬರು ಅರ್ಜಿಯನ್ನು ಮೇಲಿನಿಂದ ಕೆಳಗೆ ಓದಿದರು. ಸರ್ಕಾರಿ ನೌಕರ ಬಾಡಿಗೆ ಪಡೆಯುವುದು ಅವರ ಸ್ವಭಾವಕ್ಕೆ ವಿರುದ್ಧ. ಉಚಿತವಾಗಿ ಅನುಮತಿಸಿ, ಕಿಟಕಿಗೆ ಅಡ್ಡ ನಿಲ್ಲತಕ್ಕದ್ದಲ್ಲ ಎಂಬ ಷರತ್ತು ಹಾಕಿ, ಸಹಿ ಮಾಡಿದರು.

"ಇಷ್ಟು ಉದಾರವಾಗಿ ತಮ್ಮ ಜಾಗ ಯಾರು ಬಿಟ್ಟುಕೊಡ್ತಾರೆ ಸಾರ್" ಎಂದರು ಡಾಕ್ಟರು.

"ನಿಯಮದೊಳಗೆ ಇದ್ದರೆ ಯಾರು ಬೇಕಾದರೂ ಕೊಡಬಹುದು" ಎಂದರು ಸಾಹೇಬರು.

ಈಗ ಆ ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡ ಜನ ಸಾಲಾಗಿ ಕುಳಿತಿರುತ್ತಾರೆ. ಯಾರಾದರೂ ಮರೆತು ಕಿಟಕಿಯ ಮುಂದೆ ಎದ್ದು ನಿಂತರೆ ಟೀಚರು ಕಂಬಿಗೆ ಸೌಟಿನಿಂದ ಎರಡು ಸಲ ಬಡಿಯುತ್ತಾರೆ, ಅವರು ಕ್ಷಮೆ ಕೇಳಿ ಪಕ್ಕಕ್ಕೆ ಸರಿಯುತ್ತಾರೆ. ತರಬೇತಿಗೆ ಬಂದ ಹೊಸ ಅಧಿಕಾರಿಗಳಿಗೆ ಪ್ರಾಮಾಣಿಕತೆಯ ಉದಾಹರಣೆಯಾಗಿ ಈ ಬೆಂಚನ್ನು ತೋರಿಸಲಾಗುತ್ತದೆ. ಸಾಹೇಬರು ಮಾತ್ರ ಇಂದಿಗೂ ಅಡುಗೆಮನೆಗೆ ಕಾಲಿಡುವುದಿಲ್ಲ. ಪರರ ಜಾಗಕ್ಕೆ ಅನುಮತಿಯಿಲ್ಲದೆ ಹೋಗುವ ಮನುಷ್ಯ ಅವರಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಹೊಸ್ತಿಲಿನಿಂದ ಈಚೆಗೆ ಬರುತ್ತದೆ. ಈಚೆಗೆ ಬಂದ ಮೇಲೆ ಅದು ಅವರದೇ.